ಮೇಲಿನ ಮನೆಯವರು ಬಿಟ್ಟುಕೊಡದ ದನಿ

ಹರ್ಷಿತಾ, ಮನು, ನಮ್ಮ ಸಹಕಾರನಗರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೇಡಂ ಅವರ ಕನ್ನಡಕಕ್ಕೆ ಒಂದು ಕಡ್ಡಿ ಇರಲಿಲ್ಲ. ಅದರ ಬದಲು ಕರಿ ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಲ್ಯಾಪ್‌ಟಾಪಿನ ಮೇಲೆ ಬಗ್ಗಿದಾಗ ಅದು ಜಾರಿ ಮೂಗಿನ ತುದಿಗೆ ಬರುತ್ತಿತ್ತು. ಮೆಟ್ಟಿಲ ಮೇಲೆ ನಿಮಗೆ ಖರ್ಜೂರ ಕೊಡುತ್ತಿದ್ದವರು ಎಂದರೆ ನೆನಪಾದೀತು. ಅವರಿಗೆ ನಾನು ಮಾಡಿದ್ದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ.

ಹೆಬ್ಬಾಳದ ಆಫೀಸೊಂದರಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಅವರದು. ತಂಗಿಯೊಡನೆ ಫೋನಿನಲ್ಲಿ ಉರ್ದು, ನನ್ನೊಡನೆ ಕನ್ನಡ. ನಮ್ಮ ಬಾಗಿಲನ್ನು ಎರಡು ಸಲ ತಟ್ಟಿ, ಒಂದು ಮೆಟ್ಟಿಲು ಕೆಳಗಿಳಿದು ನಿಲ್ಲುವರು. ನಾನು ತೆರೆದು ಕರೆದ ಮೇಲೆಯೇ ಒಳಗೆ ಬರುವುದು. ನಿಮ್ಮ ತಾತ ಹೋದ ಮೇಲೆ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಅವರೊಬ್ಬರ ಜೊತೆ.

ಮಾತು ತಡವಾಗಿ ಕಲಿಯುವ ಮಕ್ಕಳ ಶಾಲೆಗೆಂದು ಅವರು ರಜಾದಿನಗಳಲ್ಲಿ ಒಂದು ಪ್ರೋಗ್ರಾಂ ಮಾಡುತ್ತಿದ್ದರು. ಚಿತ್ರ ಮುಟ್ಟಿದರೆ ಅದರ ಹೆಸರು ಕೇಳಬೇಕು.

"ಇದಕ್ಕೆ ನಿಮ್ಮ ದನಿ ಬೇಕು ಅಮ್ಮಾ."

"ನಂದು ಅಳ್ಳಿ ಸ್ಕೂಲು. ಹಸು ಅನ್ನಕ್ಕೋದ್ರೆ ಅಸು ಅಂತ ಬರ್ತದೆ. ಮಕ್ಳು ನಗ್ತಾವೆ."

"ನಗ್ಲಿ ಬಿಡಿ. ನಗೋಕಾದ್ರೂ ಬಾಯಿ ಬಿಡ್ತಾರಲ್ಲ."

ನಮ್ಮ ಅಡುಗೆಮನೆಯಲ್ಲೇ ಫ್ಯಾನ್ ಆರಿಸಿ ದನಿ ತುಂಬಿಸಿದೆವು. ನಡುವೆ ಕುಕ್ಕರ್ ಕೂಗಿ, ಬಾವಿ ಎಂಬುದನ್ನು ಮೂರು ಸಲ ಹೇಳಬೇಕಾಯಿತು. ಲ್ಯಾಪ್‌ಟಾಪಿನಲ್ಲಿ ನನ್ನ ದನಿ ಕೇಳಿ ನನಗೇ ನಗು.

ಶಾಲೆಯಲ್ಲಿ ತೋರಿಸುವ ದಿನ ಜರಿಯಂಚಿನ ಸೀರೆ ಉಟ್ಟು ಹೋದೆ. ಅಲ್ಲಿನ ಕಂಪ್ಯೂಟರಿಗೆ ಪ್ರೋಗ್ರಾಂ ಹಾಕಿದರು. ಚಿತ್ರಗಳು ಬಂದವು, ಶುರುವಿನ ಗಂಟೆ ಟಿಣ್ ಎಂದಿತು. ಒಂದು ಮಗು ಹಸುವನ್ನು ಮುಟ್ಟಿತು. ಸದ್ದಿಲ್ಲ. ಎಷ್ಟು ಮುಟ್ಟಿದರೂ ಇಲ್ಲ. ಕೊನೆಗೆ ಒಬ್ಬ ಟೀಚರು, "ಪರವಾಗಿಲ್ಲ ಮೇಡಂ, ನಾನೇ ಹೇಳ್ತೀನಿ," ಎಂದು ಸ್ಪಷ್ಟವಾಗಿ "ಹಸು" ಎಂದರು. ಮಕ್ಕಳೆಲ್ಲ ಅವರತ್ತ ತಿರುಗಿದರು.

ಚಿತ್ರ ಇದೆ, ಗಂಟೆ ಇದೆ, ನನ್ನ ದನಿ ಮಾತ್ರ ಇಲ್ಲ. ಬಸ್ಸಿನಲ್ಲಿ ಅವರ ಪಕ್ಕ ಕೂರಲಿಲ್ಲ. ಗೇಟಿನ ಬಳಿ ಅಂದೇಬಿಟ್ಟೆ: "ನನ್ನ ಮಾತು ನಾಚಿಕೆ ಅನ್ಸಿದ್ರೆ ಮೊದ್ಲೇ ಏಳ್ಬೋದಿತ್ತು. ಕರ್ಕೊಂಡೋಗಿ ಅವಮಾನ ಮಾಡ್ಬೇಕಿತ್ತಾ?"

"ನಾನು ತೆಗೆದಿಲ್ಲ ಅಮ್ಮಾ. ಎಲ್ಲೋ ತಪ್ಪಾಗಿದೆ, ನೋಡ್ತೀನಿ."

ಮರುದಿನ ಬಾಗಿಲು ಎರಡು ಸಲ ಸದ್ದಾಯಿತು. ನಾನು ತೆರೆಯಲಿಲ್ಲ. ಅವರು ಹೊರಗಿನಿಂದಲೇ ಹೇಳಿದರು: "ಅಮ್ಮಾ, ಗೊತ್ತಾಯ್ತು. ನಿಮ್ಮ ದನಿ ಪ್ರೋಗ್ರಾಂ ಜೊತೆಗೇ ಹೋಗಿತ್ತು. ನಾನೇ ಅದನ್ನ ನನ್ನ ಲ್ಯಾಪ್‌ಟಾಪ್‌ನಲ್ಲಿ ಇಟ್ಟಿದ್ದ ಜಾಗದಲ್ಲಿ ಹುಡುಕು ಅಂತ ಬರೆದುಬಿಟ್ಟಿದ್ದೆ. ನೀವು ಮಗನ ಮನೇಲೂ ಉಪ್ಪಿನ ಡಬ್ಬಿಗೆ ಇಲ್ಲಿ ಥರಾನೇ ಎಡಗಡೆ ಕೈ ಹಾಕ್ತೀರಲ್ಲ, ಹಾಗೆ. ಡಬ್ಬಿ ಇರತ್ತೆ, ಕೈ ಹೋಗೋ ಕಡೆ ಇರಲ್ಲ."

ಚಿಲಕದ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ. ಚಿಲಕ ತೆಗೆಯಲಿಲ್ಲ. ಇನ್ನೆರಡು ದಿನ ಬಂದರು, ಆಗಲೂ ತೆಗೆಯಲಿಲ್ಲ.

ಎದುರು ಮನೆಯಾಕೆ, "ಅವರೆಲ್ಲ ಹಂಗೇ ಕಣ್ರೀ, ಮುಂದೊಂದು ಹಿಂದೊಂದು," ಎಂದಳು. ನನ್ನ ಅಡುಗೆಮನೆಯಲ್ಲಿ ಕೂತು ಮುದ್ದೆ ಉಂಡವರ ಬಗ್ಗೆ ಆ ಮಾತು ಕೇಳಿ ನಾನು ಹೌದೆಂದು ತಲೆಯಾಡಿಸಿದೆ. ಮಕ್ಕಳೇ, ಇಷ್ಟು ಬರೆಯುವುದಕ್ಕೇ ನನಗೆ ನಾಲ್ಕು ದಿನ ಹಿಡಿಯಿತು. ಆಕೆಯ ಬಾಯಲ್ಲೇ ಹೇಳಿಕಳಿಸಿದೆ: ಮಗ ಬರುತ್ತಾನೆ, ಮನೆ ಬೇಕು ಎಂದು. ನಿಮ್ಮ ಅಪ್ಪ ಬರುವವನಿರಲಿಲ್ಲ. ಅವರು ಎದುರಾಡದೆ, ಮನೆ ಒರೆಸಿ, ಬೀಗದ ಕೈ ಕಿಟಕಿಯಲ್ಲಿಟ್ಟು ಹೋದರು.

ವರ್ಷ ಕಳೆದು ಪಾರ್ಕಿನಲ್ಲಿ ಆ ಟೀಚರು ಸಿಕ್ಕರು. "ನಮ್ಮ ಮಕ್ಕಳು ದಿನಾ ನಿಮ್ಮ ದನಿ ಕೇಳ್ತಾರೆ ಅಮ್ಮಾ," ಎಂದರು. "ಮೇಡಂ ಮುಂದಿನ ವಾರಾನೇ ಬಂದು ಸರಿಮಾಡಿದ್ರು. ಎಲ್ಲಿ ಹಾಕಿದ್ರೂ, ತನ್ನ ಜೊತೆ ಬಂದಿದ್ದನ್ನ ತನ್ನೊಳಗೇ ಹುಡುಕೋ ಹಾಗೆ ಮಾಡಿದ್ದೀನಿ ಅಂದ್ರು. ನಮ್ಮ ಎಲ್ಲಾ ಕಂಪ್ಯೂಟರ್‌ಗೂ ಹಾಕಿ, ಒಂದೊಂದರಲ್ಲೂ ಕೇಳಿ ನೋಡಿದ್ರು. ಬೇರೆಯವರ ದನಿ ತುಂಬೋಣ ಅಂತ ನಾವು ಹೇಳಿದ್ವಿ. ಆ ಅಮ್ಮನ ದನಿ ಇಲ್ದೆ ಇದನ್ನ ಕೊಡಲ್ಲ ಅಂದುಬಿಟ್ರು."

ಟೀಚರು ಹೇಳಿದಂತೆ ಮೇಡಂ ಇದ್ದದ್ದು ಆರ್.ಟಿ. ನಗರದಲ್ಲಿ, ತಂಗಿಯ ಮನೆಯಲ್ಲಿ. ಒಂದೇ ಬಸ್ಸಿನ ದಾರಿ. ಯಾವ ಮುಖ ಹೊತ್ತು ಹೋಗಲಿ ಎಂದು ಮೂರು ತಿಂಗಳು ಕಳೆದೆ. ಹೋದಾಗ ನಾನೂ ಎರಡು ಸಲ ತಟ್ಟಿ, ಒಂದು ಮೆಟ್ಟಿಲು ಕೆಳಗೆ ನಿಂತೆ. ತಂಗಿ ಬಾಗಿಲು ತೆರೆದರು.

"ಅಕ್ಕ ತೀರಿಹೋಗಿ ನಲವತ್ತು ದಿನ ಆಯ್ತು ಅಮ್ಮಾ. ಒಳಗೆ ಬನ್ನಿ."

ನಾನು ಯಾರೆಂದು ಹೇಳಿದ ಮೇಲೂ ಚಹಾ ಕೊಟ್ಟರು. ಕಪಾಟಿನ ಮೇಲೆ ಕರಿ ದಾರದ ಕನ್ನಡಕ ಇತ್ತು. "ನಿಮ್ಮ ಮೇಲೆ ಕೋಪ ಇರ್ಲಿಲ್ಲ ಅವಳಿಗೆ. ಅಮ್ಮ ಬಾಗಿಲು ತೆಗೀಲಿಲ್ಲ ಅಂತ ಅಷ್ಟೇ ಹೇಳೋಳು."

ಕೋಪ ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಯಾವುದೋ ಮಗು ಇವತ್ತೂ ನನ್ನ ಬಾಯಿಂದ "ಅಸು" ಎಂದು ಕಲಿಯುತ್ತಿರಬಹುದು. ಅದು ಅವರು ಉಳಿಸಿದ್ದು.

ಈ ಹಾಳೆಗಳನ್ನು ಜೋಪಾನ ಮಾಡಿ. ಅಜ್ಜಿಯ ಬೀರುವಿನಲ್ಲಿ ಇರುತ್ತವೆ ಎಂದು ಇಲ್ಲಿಯೇ ಬಿಟ್ಟು ಹೋಗಬೇಡಿ. ಯಾವ ಮನೆಗೆ ಹೋದರೂ ನಿಮ್ಮ ಜೊತೆಯಲ್ಲೇ ಒಯ್ಯಿರಿ.