ಹಮಾಲನ ಇಂಜೆಕ್ಷನ್

ಇದು ನಡೆದದ್ದು ಹೋದ ಮಾರ್ಚ್‌ನಲ್ಲಿ. ಕೋಪರಖೈರಣೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ವಿಜಯಪುರ ಕಡೆಯ ಹಮಾಲರೊಬ್ಬರು, ಎಷ್ಟು ನೀರು ಕುಡಿದರೂ ದಾಹ ತೀರುತ್ತಿಲ್ಲವೆಂದು ಬೆಳಿಗ್ಗೆಯೇ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು.

"ಯಾವುದಾದ್ರೂ ಔಷಧಿ ತಗೋತೀರಾ?" ಎಂದೆ.

"ಗ್ರೋತ್ ಹಾರ್ಮೋನ್ ಇಂಜೆಕ್ಷನ್ರೀ ಸರ್. ಜಿಮ್ಮಿನವ್ರು ಕೊಟ್ಟಾರ. ಖೋಲ್ಯಾಗ ಫ್ರಿಜ್ ಇಲ್ಲ, ಹಾಲಿನಂಗಡ್ಯಾಗ ಶ್ರೀಖಂಡದ ಬಾಜೂಕ ಇಟ್ಟೀನಿ."

ಅದನ್ನು ಫಾರಂನಲ್ಲಿ ಬರೆದುಕೊಂಡೆ.

"ಮೂರು ತಿಂಗಳದಾಗ ಐದು ಕಿಲೋ ಮೈ ಬಂತ್ರಿ. ಆದ್ರ ಚೀಲ ಯಾಕ ಹಗುರಾಗವಲ್ದು?"

"ಅದರಲ್ಲಿ ಬಹುಪಾಲು ನೀರು ಅಣ್ಣಾ. ಕೊಬ್ಬು ಸ್ವಲ್ಪ ಕರಗುತ್ತೆ, ಮೈ ತುಂಬುತ್ತೆ, ಬಲ ಹೆಚ್ಚೋದಿಲ್ಲ."

"ಹಂಗಾರ ಚೀಲದ ಜೋಡಿ ನೀರೂ ಹೊರಾಕತ್ತೀನೇನ್ರಿ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ; ಆ ಇಂಜೆಕ್ಷನ್ ರಕ್ತದ ಸಕ್ಕರೆಯನ್ನೂ ಏರಿಸಬಲ್ಲದು. ಅವರ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಖಾಲಿ ಹೊಟ್ಟೆಯಲ್ಲಿ ನೂರರೊಳಗಿರಬೇಕು. ಯಂತ್ರ ತೋರಿಸಿದ್ದು 286.