ಮುಷ್ಟಿ ಬಿಗಿದರೆ ಹತ್ತುವ ಚುಕ್ಕೆ

ನನ್ನ ಪಿಸ್ತೂಲಿಗೆ ಲೇಸರ್ ಬೇಕು ಅಂದುಕೊಂಡವಳು ನಾನು, ನನ್ನ ಕಣ್ಣಿಗಾಗಿ. ಅದನ್ನು ಆಯ್ಕೆ ಮಾಡಿದವರು ನನ್ನ ಗಂಡ, ತಮ್ಮ ಭಯಕ್ಕಾಗಿ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಭಾನುವಾರ ರೇಂಜಿಗೆ ಹೋಗಿ ಕಾಗದದ ಗುರಿಗೆ ಗುಂಡು ಹೊಡೆಯುವುದು ನನ್ನ ಹವ್ಯಾಸ. ಈ ಹೊರದೇಶದ ರಿಚ್ಮಂಡ್ ಹಿಲ್‌ನ ನಮ್ಮ ಹೆಂಗಸರು ಯೋಗಕ್ಕೋ ಭಜನೆಗೋ ಸೇರಿಕೊಂಡಾಗ ನಾನು ಇದಕ್ಕೆ ಸೇರಿಕೊಂಡೆ. ಮೈಸೂರಿನವಳಿಗೆ ಇದೆಲ್ಲ ಯಾಕೆ ಎಂದು ನಕ್ಕವರಿಗೆ, ನಮ್ಮೂರ ಬೆಟ್ಟದ ತಾಯಿ ಕೈಯಲ್ಲೇನು ಸೌಟು ಹಿಡಿದಿದ್ದಾಳೆಯೇ ಎಂದು ಕೇಳಿದ್ದೇನೆ. ಈಗ ಇಲ್ಲಿ ಹೊಸ ಪಿಸ್ತೂಲು ಕೊಳ್ಳುವಂತಿಲ್ಲ, ನನ್ನದು ಆ ನಿಯಮಕ್ಕೂ ಮುಂಚಿನದು. ಗುಂಡು ತೆಗೆದು, ಟ್ರಿಗರ್‌ಗೆ ಬೀಗ ಹಾಕಿ, ಪೆಟ್ಟಿಗೆಗೆ ಇನ್ನೊಂದು ಬೀಗ ಜಡಿದು ಬೇಸ್‌ಮೆಂಟಿನಲ್ಲಿ ಇಟ್ಟಿರುತ್ತೇನೆ.

ಐವತ್ತು ದಾಟಿತು, ಚಾಳೀಸು ಬಂತು. ಗುರಿ ನಿಚ್ಚಳವಾಗಿ ಕಂಡರೆ ನಳಿಗೆಯ ತುದಿ ಮಸುಕು, ತುದಿ ಕಂಡರೆ ಗುರಿ ಮಸುಕು. ಗುರಿಯ ಮೇಲೇ ಚುಕ್ಕೆ ಬೀಳಿಸುವ ಲೇಸರ್ ಇದ್ದರೆ ಕಣ್ಣು ಒಂದೇ ಕಡೆ ನೋಡಿದರೆ ಸಾಕು. ಅಗ್ಗದ ಕೆಂಪು ಬೆಳಕಾದರೂ ಆದೀತು, ಆದರೆ ಸ್ವಿಚ್ಚು ಬಿಗಿಯಾಗಿರಬೇಕು, ನಾನು ಬೇಕೆಂದು ಒತ್ತದೆ ಹತ್ತಬಾರದು. ಊಟಕ್ಕೆ ಬಂದಿದ್ದ ಗಂಡನ ಗೆಳೆಯರೊಬ್ಬರ ಮುಂದೆ ಇಷ್ಟೇ ಹೇಳಿದ್ದೆ.

ಪಕ್ಕದೂರು ಥಾರ್ನ್‌ಹಿಲ್‌ನ ಆ ಗೆಳೆಯರ ಮನೆಗೆ ಆಗಷ್ಟೇ ಕಳ್ಳರು ನುಗ್ಗಿ, ಕೀ ಕಿತ್ತುಕೊಂಡು ಕಾರು ಹೊಡೆದುಕೊಂಡು ಹೋಗಿದ್ದರು.

"ಅತ್ತಿಗೆ, ಪಿಸ್ತೂಲಿನ ಹಿಡಿ ಹಿಡ್ಕೊಂಡ್ರೆ ಸಾಕು, ತಾನೇ ಆನ್ ಆಗತ್ತಲ್ಲ, ಅಂಥದ್ದು ತೊಗೊಳ್ಳಿ. ಎದೆ ಮೇಲೆ ಡಾಟ್ ಬಿದ್ರೆ ಕಳ್ಳ ಅಲ್ಲಿಂದ್ಲೇ ಓಟ."

ನನ್ನವರಿಗೆ ಖುಷಿಯೋ ಖುಷಿ. "ಗುಂಡು ಹಾರಿಸೋದೇ ಬೇಡ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ರಾತ್ರಿ ಮಂಚದ ಪಕ್ಕ ಇಟ್ಕೊಂಡ್ರಾಯ್ತು."

"ಅದು ಮಂಚದ ಪಕ್ಕ ಇಡೋ ವಸ್ತು ಅಲ್ಲ ರೀ. ಕಾನೂನೂ ಒಪ್ಪಲ್ಲ, ನಾನೂ ಒಪ್ಪಲ್ಲ. ಕಾರಿಗೆ ಇನ್ಶೂರೆನ್ಸ್ ಇದೆ, ಕೇಳಿದ್ರೆ ಕೀ ಕೊಟ್ಟು ಕಳ್ಸಿ."

"ನಿಂಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು."

ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡವಳು ನಾನು. ಒಂದು ದಿನವೂ ರೇಂಜಿನ ಮೆಟ್ಟಿಲು ಹತ್ತದವರು ಅವರು. ಗೊತ್ತಾಗದಿರುವುದು ನನಗಂತೆ. ಮೈಯೆಲ್ಲ ಉರಿದುಹೋಯಿತು.

ಆಯುಧಪೂಜೆಯ ಬೆಳಗ್ಗೆ ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಕಾರಿನ ಕೀ, ಮಿಕ್ಸಿ, ಸ್ಕ್ರೂಡ್ರೈವರು ಎಲ್ಲ ಜೋಡಿಸಿದ್ದೆ. ಪಿಸ್ತೂಲನ್ನೂ ತಾ, ಇವತ್ತಲ್ಲದೆ ಇನ್ಯಾವಾಗ, ಎಂದರು ಗಂಡ. ತರುವುದಿಲ್ಲ ಎಂದೆ. ಆಗ ಅವರು ತಮ್ಮ ಡ್ರಾಯರಿನಿಂದ ಒಂದು ಸಣ್ಣ ಡಬ್ಬಿ ತಂದು ಬಿಚ್ಚಿದರು. ಲೇಸರ್! ಹಿಡಿಯನ್ನು ಒತ್ತಿದರೆ ಹತ್ತುವುದೇ. ನನ್ನನ್ನು ಒಂದು ಮಾತು ಕೇಳದೆ ತರಿಸಿದ್ದರು. ಅದಕ್ಕೂ ಗಂಧ ಇಟ್ಟು, ಕುಂಕುಮ ಮೆತ್ತಿ, ಮೇಲೊಂದು ಸೇವಂತಿಗೆ ಏರಿಸಿದರು. ಬಲ್ಬು ಎಲ್ಲಿದೆ, ಬೆನ್ನು ಎಲ್ಲಿದೆ ಎಂದು ತಿಳಿಯದವರು ಗಾಜಿನ ಮೇಲೇ ಕುಂಕುಮ ಒತ್ತಿದ್ದರು.

ಮಂಗಳಾರತಿಗೆ ಥಾರ್ನ್‌ಹಿಲ್‌ನ ಗೆಳೆಯರೂ ಬಂದಿದ್ದರು. ಅವರಿಗೆ ತೋರಿಸಲೆಂದು ಗಂಡ ಅದನ್ನು ಕೈಗೆತ್ತಿಕೊಂಡು ಮುಷ್ಟಿ ಬಿಗಿದರು. ಕೆಂಪು ಚುಕ್ಕೆ ಗೋಡೆಗೆ ಬಿತ್ತು, ಪರದೆಗೆ ಬಿತ್ತು, ಪಕ್ಕದ ಬಾಗಿಲಿನತ್ತ ಹರಿಯಿತು.

ಅಲ್ಲಿ ನಮ್ಮ ಮಗಳು ನಿಂತಿದ್ದಳು. ಆಸ್ಪತ್ರೆಯಲ್ಲಿ ನರ್ಸು, ಶಿಫ್ಟು ಮುಗಿಸಿ ಯಾವ್ಯಾವುದೋ ಹೊತ್ತಿನಲ್ಲಿ ಬರುತ್ತಾಳೆ. ಷೂ ಹೊರಗೆ ಬಿಡು, ದೀಪ ಹಾಕಬೇಡ, ಅಪ್ಪನ ನಿದ್ದೆ ಕೆಡಿಸಬೇಡ ಎಂದು ಕಲಿಸಿದವರು ನಾವೇ. ಅವಳು ಕಾಲುಚೀಲದಲ್ಲಿ ಬಂದದ್ದು ಯಾರಿಗೂ ಕೇಳಿಸಿರಲಿಲ್ಲ. ಕುಂಕುಮ ಮೆತ್ತಿದ ಗಾಜಿನಿಂದ ಚುಕ್ಕೆ ಕದಡಿ, ಅವಳ ನೀಲಿ ಸಮವಸ್ತ್ರದ ಎದೆಯ ಮೇಲೆ ಅಂಗೈಯಗಲ ಹರಡಿಕೊಂಡಿತ್ತು.

"ಕಳ್ಳ ಸಿಕ್ಕಿಬಿದ್ದ," ಎಂದರು ಗೆಳೆಯರು. ಗಂಡನೂ ನಕ್ಕರು.

ಮಗಳು ತನ್ನ ಎದೆ ನೋಡಿಕೊಂಡಳು. "ಅಪ್ಪ, ವಾಟ್ ಈಸ್ ದಿಸ್?"

ನಾನು ಅದನ್ನು ಅವರ ಕೈಯಿಂದ ಕಿತ್ತುಕೊಂಡೆ. "ರಾತ್ರಿ ಹೊತ್ತು ಸದ್ದಿಲ್ದೆ ಈ ಮನೆ ಒಳಗೆ ಬರೋರು ಯಾರು ರೀ?"

"ಏ, ತಮಾಷೆಗೆ ಕಣೇ."

"ಯಾರು ಅಂತ ಹೇಳಿ."

ಅವರು ಬಾಗಿ ಮೇಜಿನ ಮೇಲಿನ ಹೂ ಸರಿಮಾಡತೊಡಗಿದರು. ಗೆಳೆಯರು ಪ್ರಸಾದದ ತಟ್ಟೆ ನೋಡುತ್ತಾ ಕುಳಿತರು. ಲೇಸರ್ ಹಿಡಿದ ಕೈಯಲ್ಲಿ ಆರತಿ ಎತ್ತಲು ನನಗೆ ಮನಸ್ಸಾಗಲಿಲ್ಲ, ಮಗಳೇ ಎತ್ತಿದಳು.

ಲೇಸರ್ ಅನ್ನು ಅಂಗಡಿಗೆ ಹಿಂದಿರುಗಿಸಿದೆ. ಕುಂಕುಮದ ಕಲೆ ಏನೆಂದು ಕೇಳಿದ ಹುಡುಗಿಗೆ ಉತ್ತರ ಕೊಡುವ ತಾಳ್ಮೆ ನನಗಿರಲಿಲ್ಲ. ನಳಿಗೆಯ ತುದಿ ಕಾಣುವಂತೆ ಒಂದು ಕನ್ನಡಕ ಮಾಡಿಸಿಕೊಂಡೆ, ಅಷ್ಟರಲ್ಲೇ ಮುಗಿಯಿತು. ಪೆಟ್ಟಿಗೆಯ ಕೀಗಳು ನನ್ನ ಬಳಿಯೇ ಇವೆ, ಅವರಿಗೆ ಎಂದೂ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಇದನ್ನೆಲ್ಲ ಮಗಳಿಗೂ ಹೇಳಿದ್ದೇನೆ. ಆದರೂ ಅವಳೀಗ ಬಾಗಿಲು ತೆರೆದ ಕೂಡಲೇ ದೀಪ ಹಾಕಿ, "ಅಪ್ಪ, ಇಟ್ಸ್ ಮಿ," ಎಂದು ಕೂಗಿಯೇ ಒಳಗೆ ಕಾಲಿಡುತ್ತಾಳೆ. ಗಂಡನಿಗೆ ಅದು ಒಳ್ಳೆಯ ಅಭ್ಯಾಸವೆನಿಸಿದೆ. ಹುಟ್ಟಿ ಬೆಳೆದ ಮನೆಯೊಳಗೆ ಬರಲು ನನ್ನ ಮಗಳು ತಾನು ಕಳ್ಳಿಯಲ್ಲ ಎಂದು ಹೇಳಿಕೊಂಡೇ ಬರಬೇಕು.