ನಾಲ್ಕು ಕಂಪ್ಯೂಟರ್, ಒಂದೇ ಫೋನು

ಶರಣಮ್ಮನ ಬೆರಳಿಗೆ ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು, ಅರ್ಥ ಮಾತ್ರ ಅಷ್ಟಕ್ಕಷ್ಟೇ. ಸೇಡಂ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು. ಗಂಡ ಕಾಂತಪ್ಪ ಕಾರ್ಖಾನೆಗೆ ಹೋದ ಮೇಲೆ ಸುಮ್ಮನೆ ಕೂರಲಾರದೆ ಟೈಪಿಂಗ್ ಕಲಿತು, ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ ತಾನೇ ಕ್ಲಾಸು ತೆರೆದಿದ್ದಳು. ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಟೈಪ್‌ರೈಟರುಗಳನ್ನು ಮಾರಿ ನಾಲ್ಕು ಹಳೆಯ ಕಂಪ್ಯೂಟರ್ ತಂದಳು. ಫೋನ್ ಲೈನು ಮಾತ್ರ ಒಂದೇ. ಮೋಡೆಮ್ಮು ಕಿರುಗುಟ್ಟಿ ಇಂಟರ್ನೆಟ್ ಹತ್ತಿತೆಂದರೆ ಒಬ್ಬ ಹುಡುಗಿ ಕೂರುವುದು, ಉಳಿದವರು ಅವಳ ಬೆನ್ನ ಹಿಂದೆ ಕತ್ತು ಚಾಚಿ ನಿಲ್ಲುವುದು.

ಮಾಳಿಗೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗ ಅಮೋಘ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ಭಾನುವಾರ ಶರಣಮ್ಮ ಅವನನ್ನು ಮೆಟ್ಟಿಲಲ್ಲೇ ತಡೆದಳು.

"ತಮ್ಮಾ, ಒಂದ ಫೋನಿನಾಗ ನಾಕೂ ಕಂಪ್ಯೂಟರ್ ನಡಸ್ಲಿಕ್ಕೆ ಬರ್ತದೇನು?"

"ಬರುತ್ತೆ ಆಂಟಿ. ಫೋನ್ ಮಾಡೋದು ಒಂದೇ ಮಷೀನು. ಮಿಕ್ಕ ಮೂರು ಅದರ ಹತ್ರ ಕೇಳಿ ತರಿಸ್ಕೊಳ್ತವೆ. ಎಲ್ಲಾನೂ ಸೇರಿಸೋಕೆ ಹಬ್ ಅಂತ ಒಂದು ಡಬ್ಬಿ, ಒಂದಿಷ್ಟು ವೈರು, ಅಷ್ಟೇ."

"ಮತ್ತ ಯಾರು ಕೇಳಿದ್ದು ಯಾರಿಗೆ ಕೊಡಬೇಕಂತ ಅದಕ್ಕ ಹೆಂಗ ಗೊತ್ತಾಗ್ತದ?"

ಹೊರಟಿದ್ದ ಅಮೋಘ ಮೆಟ್ಟಿಲ ಮೇಲೇ ಕೂತುಬಿಟ್ಟ. ಪ್ರತಿ ಯಂತ್ರಕ್ಕೂ ಒಂದೊಂದು ನಂಬರ್ ಕೊಡಬೇಕು, ಅದೇ ಅದರ ವಿಳಾಸ ಎಂದು ವಿವರಿಸಿದ. ಮಾಡುವ ಕ್ರಮವನ್ನೆಲ್ಲ ಹಾಳೆಯಲ್ಲಿ ಬರೆದುಕೊಟ್ಟು, ಮರುದಿನ ಆಫೀಸಿನ ಕೆಲಸಕ್ಕೆ ಚೆನ್ನೈಗೆ ಹೋದ.

ಅವನು ಬರುವ ತನಕ ಕಾಯುವ ತಾಳ್ಮೆ ಶರಣಮ್ಮನಿಗೆ ಎಲ್ಲಿಯದು! "ಸುಟ್ಟುಗಿಟ್ಟೀತು ನೋಡು" ಎನ್ನುತ್ತಲೇ ಕಾಂತಪ್ಪ ಗೋಡೆಗೆ ಮೊಳೆ ಹೊಡೆದು ವೈರು ಎಳೆದ. ಅವಳು ಹಾಳೆ ನೋಡಿಕೊಂಡು ನಂಬರ್ ಹಾಕಿದಳು. ಮೂರು ಯಂತ್ರಗಳು ಸಲೀಸಾಗಿ ಹತ್ತಿದವು. ನಾಲ್ಕನೆಯದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು ನಿಂತುಬಿಟ್ಟಿತು.

"ಆ ಹುಡುಗ ಬರ್ಲಿ ಬಿಡು," ಎಂದ ಕಾಂತಪ್ಪ.

ಅವಳು ಬಿಡಲಿಲ್ಲ. ಆ ಸಾಲನ್ನು ಅಕ್ಷರ ತಪ್ಪದೆ ಬರೆದುಕೊಂಡು ಡಿಕ್ಷನರಿ ತೆರೆದಳು. 'ಅಡ್ರೆಸ್' ಗೊತ್ತಿದ್ದದ್ದೇ. 'ಕಾನ್‌ಫ್ಲಿಕ್ಟ್' ಎಂದರೆ ತಿಕ್ಕಾಟ, ಜಗಳ. ವಿಳಾಸಕ್ಕೆಂಥ ಜಗಳ? ನಾಲ್ಕೂ ಯಂತ್ರಗಳ ನಂಬರನ್ನು ಒಂದರ ಕೆಳಗೊಂದು ಬರೆದು ನೋಡಿದಳು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಕೊನೆಯ ಅಂಕಿ ಮೂರೇ ಇತ್ತು. ಕೈತಪ್ಪು ಅವಳದೇ.

"ಇಲ್ಲಿ ನೋಡ್ರಿ! ಇಬ್ಬರಿಗೂ ಒಂದ ಮನಿ ನಂಬರ್ ಕೊಟ್ಟೀನಿ. ಜಗಳ ಆಡದ ಏನ್ ಮಾಡ್ತಾವ!"

ಮೂರನ್ನು ಅಳಿಸಿ ನಾಲ್ಕು ಮಾಡಿದಳು. ಯಂತ್ರ ಮಾತು ಕೇಳಿತು.

ಆ ವಾರವೇ ಇಂಟರ್ನೆಟ್ಟಿನಲ್ಲಿ ಬಿ.ಕಾಂ. ಫಲಿತಾಂಶ. ನಾಲ್ಕು ಪರದೆಗಳ ಮುಂದೆ ನಾಲ್ವರು ಹುಡುಗಿಯರು. ಒಂದೇ ಲೈನಾದ್ದರಿಂದ ಪುಟ ಇರುವೆ ಸಾಲಿನ ಹಾಗೆ ಇಳಿಯುತ್ತಿತ್ತು. ಎರಡು ಸಲ ನಪಾಸಾಗಿದ್ದ ಹರ್ಷದಾ ಇದ್ದಕ್ಕಿದ್ದಂತೆ "ಪಾಸ್ ಝಾಲೆ, ಬಾಈ!" ಎಂದು ಮರಾಠಿಯಲ್ಲಿ ಕೂಗಿ ಶರಣಮ್ಮನ ಕೊರಳಿಗೆ ಬಿದ್ದಳು. ತಿಂಗಳೊಳಗೆ ಪೇಠದ ಇನ್ನೆರಡು ಕ್ಲಾಸಿನವರು ತಮ್ಮಲ್ಲೂ ಜೋಡಿಸಿಕೊಡಿ ಎಂದು ಅವಳನ್ನು ಕರೆದೊಯ್ದರು.

ಚೆನ್ನೈಯಿಂದ ಬಂದ ಅಮೋಘನಿಗೆ ಸರಿಪಡಿಸಲು ಏನೂ ಉಳಿದಿರಲಿಲ್ಲ. "ಎಲ್ಲಾ ನೀವೇ ಮಾಡಿದ್ರಾ ಆಂಟಿ?" ಎಂದ.

"ಅದಿರ್ಲಿ, ಇದು ಹೇಳು," ಶರಣಮ್ಮ ಚಹಾ ಮುಂದಿಟ್ಟಳು. "ನಾವು ಫೋನ್ ಹಚ್ಚಿದ್ರ ಆ ಕಡೆ ಎತ್ತಾವ ಯಾರು? ಅವ ಮತ್ತ ಯಾರಿಗೆ ಕೇಳ್ತಾನ?"

ಅಮೋಘ ಒಂದು ಗುಟುಕು ಚಹಾ ಕುಡಿದ.

"ಸರಿಯಾಗಿ ಓದ್ಕೊಂಡು ಬಂದು ಹೇಳ್ತೀನಿ," ಎಂದ.